ಪುಣ್ಯಕೋಟಿಯ ಪಾಠ ಮಗುವಿಗೆ ತಿಳಿಯಿತೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಗೃಹಸ್ಥರಿಗೆ ಅಟ್ಟದ ಮಹಿಮೆಯನ್ನು ನಾವು ಹೇಳಬೇಕಾದುದಿಲ್ಲ. ಚೆನ್ನಾಗಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷದವರೆಗೂ, ಅದರ ಪಾಡಿಗೆ ಬಿಡುವರು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಒಣಗಿ, ಕರಟದ ಹಿಡಿತವನ್ನು ಬಿಟ್ಟು ಉಂಡೆಯಾಗುವುದು. ಹೊರಗಿನಿಂದ ನೋಡಿದರೆ ಆದ ಕಾಯಿಗೂ ಆಗದ ಕಾಯಿಗೂ ಭೇದವು ಅಷ್ಟಾಗಿ ತೋರದು. ಬಲ್ಲವರು ಕಾಯಿಯನ್ನು ಕಿವಿಯ ಬಳಿಗೆ ತಂದು ಅಲ್ಲಾಡಿಸುವರು. ನೀರಿನ ಸದ್ದು ಬಂದರೆ ಇನ್ನೂ ಕಾಯಬೇಕು. ಉಂಡೆಯು ಕರಟಕ್ಕೆ ತಾಗುವ ಸದ್ದು ಬಂದರೆ ಕೊಬ್ಬರಿಯಾಯಿತೆಂದು ತಿಳಿಯಬೇಕು.

ಮಕ್ಕಳ ಓದಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೆ ಎಂದು ನಮ್ಮ ಅಭಿಪ್ರಾಯ. ಮಗುವು ಪುಸ್ತಕವನ್ನು ಹಿಡಿದು ಎಡವದೆ, ತೊದಲದೆ, ಗಟ್ಟಿಯಾಗಿ ಓದಿದರೆ ತಂದೆತಾಯಿಗಳಿಗೆ ಸಂತೋಷವಾಗುವುದು ಸಹಜ. ಆದರೆ ಆ ಓದು ಕಾಯಿಯ ಹೊರಮೈ ಮಾತ್ರ. ಒಳಗೆ ತಿರುಳು ಕೂಡಿತೆ ಇಲ್ಲವೆ ಎಂಬುದನ್ನು ಅರಿಯಬೇಕಾದರೆ ಕಾಯಿಯನ್ನು ಅಲ್ಲಾಡಿಸಿ ನೋಡಬೇಕು. ಅಂದರೆ, ತಕ್ಕ ಪ್ರಶ್ನೆಯನ್ನು ಕೇಳಬೇಕು. ತಕ್ಕ ಪ್ರಶ್ನೆ ಯಾವುದು, ತಕ್ಕುದಲ್ಲದ ಪ್ರಶ್ನೆ ಯಾವುದು ಎಂಬುದನ್ನು ಕುರಿತು ಈ ತಿಂಗಳು ಮನೆಮಂದಿಯೊಡನೆ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ಇದು ಅಲ್ಪವಾದ ವಿಷಯವೆಂದು ಯಾರೂ ಭಾವಿಸಬಾರದು. ಗ್ರಾಮಾಂತರ ಭಾರತದಲ್ಲಿ ನಡೆಯುವ ‘ಅಸರ್’ ಎಂಬ ಸಮೀಕ್ಷೆಯ ಪ್ರಕಾರ, ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ೨೦೧೮ರಲ್ಲಿ ನೂರಕ್ಕೆ ೨೭.೩ ಮಂದಿ ಇದ್ದರು. ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದ ತರುವಾಯ, ೨೦೨೨ರಲ್ಲಿ, ಆ ಸಂಖ್ಯೆಯು ೨೦.೫ಕ್ಕೆ ಇಳಿಯಿತು, ೨೦೨೪ರ ಹೊತ್ತಿಗೆ ೨೭.೧ಕ್ಕೆ ಮರಳಿತು. ಇದು ಅಕ್ಷರಗಳನ್ನು ಕೂಡಿಸಿ ಓದಬಲ್ಲವರ ಲೆಕ್ಕ. ಓದಿದುದನ್ನು ಅರಿತವರ ಲೆಕ್ಕವು ಇದರೊಳಗೆ ಅಡಗಿರುವ ಇನ್ನೊಂದು ಸಂಗತಿ. ಅದನ್ನು ಮಾಡತಕ್ಕವರು ಮನೆಯವರೆ ಹೊರತು ಬೇರೆ ಯಾರೂ ಅಲ್ಲ.

ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ಕನ್ನಡದ ಮಕ್ಕಳೆಲ್ಲರಿಗೂ ಪರಿಚಿತಳಾದ ಪುಣ್ಯಕೋಟಿಯನ್ನೆ ತೆಗೆದುಕೊಳ್ಳೋಣ. ‘ಗೋವಿನ ಹಾಡು’ ಎಂದು ಹೆಸರಾದ ಈ ಕಥೆಯನ್ನು ಮೊದಲು ಹಾಡಿದವರು ಯಾರೆಂದು ಯಾರೂ ಬಲ್ಲವರಿಲ್ಲ. ಹಾಡಿಕೊಂಡು ಬಂದವರು ಕನ್ನಡದ ತಾಯಂದಿರು. ಶಾಲೆಯ ಪುಸ್ತಕಗಳಲ್ಲಿ ಅದು ಅನೇಕ ತಲೆಮಾರುಗಳಿಂದ ಅಚ್ಚಾಗುತ್ತಿದೆ. ಕಥೆಯು ಹೀಗಿರುವುದು. ಕಾಳಿಂಗನೆಂಬ ಗೊಲ್ಲನ ಮಂದೆಯಲ್ಲಿ ಪುಣ್ಯಕೋಟಿಯೆಂಬ ಹಸು. ಬೆಟ್ಟದ ಬುಡದಲ್ಲಿ ಅರ್ಭುತನೆಂಬ ಹಸಿದ ಹುಲಿ. ಸಂಜೆಗೆ ಕರುವನ್ನು ನೆನೆದುಕೊಂಡು ಮರಳುತ್ತಿದ್ದ ಹಸುವನ್ನು ಹುಲಿಯು ಅಡ್ಡಗಟ್ಟಿತು. ಕರುವಿಗೆ ಒಮ್ಮೆ ಮೊಲೆಯೂಡಿಸಿ ಬರುವೆನೆಂದು ಹಸುವು ಬೇಡಿಕೊಂಡಿತು, ಭಾಷೆಯನ್ನು ಕೊಟ್ಟಿತು. ಮನೆಗೆ ಹೋಗಿ ಕರುವಿಗೆ ಹಾಲನ್ನು ಕೊಟ್ಟು, ಒಡನಾಡಿಗಳಾದ ಹಸುಗಳಿಗೆ ಅದನ್ನು ಒಪ್ಪಿಸಿ, ಕೊಟ್ಟ ಮಾತಿನಂತೆ ಹುಲಿಯ ಮುಂದೆ ಬಂದು ನಿಂತಿತು. ಹುಲಿಯು ತನ್ನ ಬಾಳಿಗೆ ತಾನೇ ನಾಚಿ ಪ್ರಾಣವನ್ನು ಬಿಟ್ಟಿತು.

ಈಗ ಪಾಠದ ಕೊನೆಯಲ್ಲಿ ಸಾಮಾನ್ಯವಾಗಿ ಕಾಣುವ ಪ್ರಶ್ನೆಗಳನ್ನು ನೋಡೋಣ. ಗೊಲ್ಲನ ಹೆಸರೇನು? ಹುಲಿಯ ಹೆಸರೇನು? ಹಸುವು ಹುಲಿಗೆ ಏನೆಂದು ಮಾತು ಕೊಟ್ಟಿತು? ಇಂತಹ ಪ್ರಶ್ನೆಗಳು ಬೇಡವೆಂದು ನಾವು ಹೇಳುವುದಿಲ್ಲ. ಕಥೆಯಲ್ಲಿ ಯಾರು ಇದ್ದರು, ಏನು ನಡೆಯಿತು ಎಂಬುದು ತಿಳಿಯದೆ ಮುಂದಿನದು ಯಾವುದೂ ತಿಳಿಯದು. ಆದರೆ ಇವುಗಳಿಗೆ ಉತ್ತರವು ಪುಟದ ಮೇಲೆಯೆ ಬಿದ್ದಿರುವುದು. ಮಗುವು ಪ್ರಶ್ನೆಯಲ್ಲಿರುವ ಶಬ್ದವನ್ನು ಪಾಠದಲ್ಲಿ ಹುಡುಕಿ ಅದರ ಪಕ್ಕದ ಶಬ್ದವನ್ನು ಬರೆದರೆ ಸಾಕು, ಪೂರ್ತಿ ಅಂಕವು ದೊರೆಯುವುದು. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವುಂಟು. ‘ಸಬ್ಬನು ಟುಬ್ಬವನ್ನು ಗಬ್ಬಿಸಿದನು’ ಎಂಬ ಅರ್ಥವಿಲ್ಲದ ವಾಕ್ಯವನ್ನು ಬರೆದು, ‘ಸಬ್ಬನು ಏನನ್ನು ಗಬ್ಬಿಸಿದನು?’ ಎಂದು ಕೇಳಿರಿ. ಮಗುವು ತಡೆಯದೆ ‘ಟುಬ್ಬವನ್ನು’ ಎನ್ನುವುದು. ಉತ್ತರವು ಸರಿ, ತಿಳಿವಳಿಕೆಯು ಸೊನ್ನೆ. ಮಾರುಕಟ್ಟೆಯಲ್ಲಿ ದೊರೆಯುವ ಗೈಡುಗಳ ಉತ್ತರಗಳನ್ನು ಬಾಯಿಪಾಠ ಮಾಡಿದ ಮಗುವಿನ ಸ್ಥಿತಿಯು ಎಷ್ಟೋ ವೇಳೆ ಇದಕ್ಕಿಂತ ಬೇರೆಯಲ್ಲ.

ತಿಳಿವಳಿಕೆಯ ಮೊದಲನೆಯ ಮೆಟ್ಟಲು ಶಬ್ದ. ಗೋವಿನ ಹಾಡಿನಲ್ಲಿ ಹುಲಿಯು ತನಗೆ ದೊರೆತ ಹಸುವನ್ನು ಕುರಿತು ‘ಒಡವೆ’ ಎಂಬ ಮಾತನ್ನು ಬಳಸುವುದು. ಈಗಿನ ಮಗುವಿಗೆ ಒಡವೆಯೆಂದರೆ ತಾಯಿಯ ಪೆಟ್ಟಿಗೆಯಲ್ಲಿರುವ ಬಳೆ, ಸರ, ಓಲೆ. ಆದುದರಿಂದ ಹಸುವು ಒಡವೆಯನ್ನು ಧರಿಸಿತ್ತೆಂದು ಅದು ಎಣಿಸಿದರೆ ತಪ್ಪು ಮಗುವಿನದಲ್ಲ. ಒಡವೆಯೆಂದರೆ ವಸ್ತು, ಸ್ವತ್ತು ಎಂಬ ಹಳೆಯ ಅರ್ಥವನ್ನು ಒಮ್ಮೆ ಹೇಳಿಕೊಟ್ಟರೆ ಇನ್ನೊಂದು ಬೆಳಕೂ ಮೂಡುವುದು: ಹುಲಿಯ ಕಣ್ಣಿಗೆ ಪುಣ್ಯಕೋಟಿಯು ಆಗ ಒಂದು ಜೀವವಲ್ಲ, ಕೈಗೆ ಸಿಕ್ಕಿದ ಪದಾರ್ಥ. ಅದೇ ಹುಲಿಯು ಕೊನೆಗೆ ಅವಳನ್ನು ಒಡಹುಟ್ಟಿದ ಅಕ್ಕನಂತೆ ಕಂಡಿತು. ಪದಾರ್ಥವು ಅಕ್ಕನಾದುದು ಹೇಗೆ ಎಂಬುದೆ ಈ ಕಥೆಯ ನಡು. ಒಂದು ಶಬ್ದದ ಅರ್ಥವು ತಪ್ಪಿಹೋದರೆ ಈ ನಡುವೆ ತಪ್ಪಿಹೋಗುವುದು.

‘ಹಾಯು’ ಎಂಬ ಇನ್ನೊಂದು ಮಾತನ್ನು ನೋಡಿರಿ. ತನ್ನ ಕರುವು ಮುಂದೆ ಬಂದರೆ ಹಾಯಬೇಡಿರೆಂದು ಪುಣ್ಯಕೋಟಿಯು ಒಡನಾಡಿಗಳನ್ನು ಬೇಡಿಕೊಳ್ಳುವಳು. ಇಲ್ಲಿ ಹಾಯುವುದೆಂದರೆ ಕೊಂಬಿನಿಂದ ತಿವಿಯುವುದು. ಹೊಳೆಯನ್ನು ಹಾಯುವುದು ಬೇರೆ. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದು ಬೇರೆ. ಕೊಟ್ಟಿಗೆಯುಳ್ಳ ಮನೆಯಲ್ಲಿ ಬೆಳೆದ ಮಕ್ಕಳಿಗೆ ಈ ಭೇದವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಯುವ ಹಸುವಿನ ಮುಂದೆ ಹೋಗಬೇಡವೆಂದು ಅಜ್ಜಿಯು ಕೂಗಿದುದೆ ಪಾಠವಾಗುತ್ತಿತ್ತು. ತೆಂಗಿನ ತೋಟದ ಮಗ್ಗುಲಲ್ಲಿ ಹಸುವಿನ ಕೊಟ್ಟಿಗೆಯಿರುವ ಮನೆಗಳು ಈ ಸೀಮೆಯಲ್ಲಿ ಇಂದಿಗೂ ಉಂಟು. ಅಂತಹ ಮನೆಯ ಮಗುವಿಗೆ ನಿಘಂಟು ಬೇಡ. ಕೊಟ್ಟಿಗೆಯನ್ನು ಕಾಣದ ಪಟ್ಟಣದ ಮಗುವಿಗೆ ಹಬ್ಬಕ್ಕೆ ಬಂದಾಗಲಾದರೂ ಅದನ್ನು ತೋರಿಸಿ ಈ ಮಾತುಗಳನ್ನು ಕೊಡಬೇಕು. ‘ತುರು’ ಎಂಬುದು ಹಸುವಿಗೆ ಹಳಗನ್ನಡದಲ್ಲಿದ್ದ ಹೆಸರೆಂಬುದನ್ನೂ, ದನಗಳನ್ನು ಕವಿದುಕೊಂಡು ಹೋಗುವುದಕ್ಕೆ ‘ತುರುಗೋಳ್’ ಎಂಬ ಹೆಸರಿತ್ತೆಂಬುದನ್ನೂ, ಅದನ್ನು ತಡೆದು ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ನಮ್ಮ ಊರುಗಳ ಹೊರಗೆ ನಿಂತಿರುವುವೆಂಬುದನ್ನೂ ಆಗಲೆ ಹೇಳಬಹುದು. ತುರುವೇಕೆರೆಗೆ ಹೋದವರು ಗಂಗಾಧರೇಶ್ವರನ ಗುಡಿಯ ಮುಂದಿನ ನುಣುಪಾದ ಕರಿಯ ಕಲ್ಲಿನ ನಂದಿಯನ್ನು ಮಕ್ಕಳಿಗೆ ತೋರಿಸಿದರೆ, ದನವನ್ನು ಈ ನಾಡು ಎಷ್ಟು ಆದರದಿಂದ ಕಂಡಿತೆಂಬುದು ಮಾತಿಲ್ಲದೆ ತಿಳಿಯುವುದು.

ಎರಡನೆಯ ಮೆಟ್ಟಲು ಸಾಲುಗಳ ನಡುವೆ ಇರುವುದು. ಅದಕ್ಕೆ ಉತ್ತರವು ಪುಟದ ಮೇಲೆ ದೊರೆಯದು. ಆದರೆ ಪುಟವನ್ನು ಬಿಟ್ಟು ಉತ್ತರಿಸುವುದೂ ಆಗದು. ಪುಣ್ಯಕೋಟಿಯು ಕರುವಿಗೆ ಹಾಲನ್ನು ಕೊಟ್ಟೊಡನೆಯೆ ಹೊರಡಬಹುದಾಗಿತ್ತು. ಒಡನಾಡಿಗಳ ಬಳಿಗೆ ಏತಕ್ಕೆ ಹೋದಳು? ಈ ಪ್ರಶ್ನೆಯನ್ನು ಮಗುವಿಗೆ ಕೇಳಿ ಸುಮ್ಮನೆ ಕುಳಿತುಕೊಳ್ಳಿರಿ. ತಾನು ಮರಳುವುದಿಲ್ಲವೆಂದು ಅವಳಿಗೆ ನಿಶ್ಚಯವಾಗಿ ತಿಳಿದಿತ್ತೆಂಬುದು ಮಗುವಿಗೆ ಆಗ ಹೊಳೆಯುವುದು. ಹುಲಿಯು ಕರುಣೆ ತೋರಬಹುದೆಂಬ ಆಸೆಯಿಂದ ಅವಳು ಹೋದುದಲ್ಲ, ಸಾಯುವುದಕ್ಕೆಂದೆ ಹೋದುದು. ಇದು ತಿಳಿಯದೆ ಓದಿದರೆ ಕಥೆಯು ಒಂದು ಜಾಣತನದ ಕಥೆಯಾಗುವುದು: ಸತ್ಯವನ್ನು ನುಡಿದರೆ ಹುಲಿಯು ಬಿಟ್ಟುಬಿಡುತ್ತದೆ, ಆದುದರಿಂದ ಸತ್ಯವನ್ನು ನುಡಿಯಬೇಕು ಎಂಬ ವ್ಯಾಪಾರದ ನೀತಿಯಾಗುವುದು. ಎಷ್ಟೋ ಮಕ್ಕಳು ಈ ವ್ಯಾಪಾರವನ್ನೆ ಪಾಠವೆಂದು ಕಲಿತು ಹೋಗುವುವೆಂಬುದು ನಮ್ಮ ಅಂಜಿಕೆ. ಮುಂದೆ ಸತ್ಯವನ್ನು ನುಡಿದು ಪೆಟ್ಟು ತಿಂದ ದಿನ ಆ ನೀತಿಯು ಮುರಿದು ಬೀಳುವುದು. ಹುಲಿಯು ತಿಂದೇ ತಿನ್ನುವುದೆಂದು ತಿಳಿದೂ ಹಸುವು ಹೋಯಿತೆಂದು ಅರಿತ ಮಗುವಿನ ನೀತಿಯು ಅಷ್ಟು ಸುಲಭವಾಗಿ ಮುರಿಯದು.

ಮೂರನೆಯದು, ಧೈರ್ಯವೆಂದರೆ ಏನು ಎಂಬ ಪ್ರಶ್ನೆ. ‘ಧೈರ್ಯಶಾಲಿಯಾದ ಪ್ರಾಣಿಯ ಕಥೆ’ ಎಂದು ಪಾಠಕ್ಕೆ ಹೆಸರಿಟ್ಟರೆ ಮಗುವು ಕೇಳಬೇಕಾದುದು ನ್ಯಾಯ: ‘ಹಸುವು ಹೋರಾಡಲೆ ಇಲ್ಲವಲ್ಲ, ಧೈರ್ಯವೆಲ್ಲಿ ಬಂತು?’ ಈ ಸೀಮೆಯ ಮಗುವಿಗಂತೂ ಈ ಸಂದೇಹವು ಬರುವುದಕ್ಕೆ ಹೆಚ್ಚಿನ ಕಾರಣವುಂಟು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದು, ಟಿಪ್ಪುಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ದನಗಳ ಮೇವಿನ ಕಾವಲುಗಳು ಇಲ್ಲಿಯೂ ಇದ್ದುವು. ಆ ತಳಿಯ ಹಸುವು ಅಪರಿಚಿತರನ್ನು ಹತ್ತಿರಕ್ಕೆ ಸೇರಿಸದು. ಕರುವಿನ ಬಳಿಗೆ ಬಂದವರ ಮೇಲೆ ನೀಳವಾದ ಚೂಪು ಕೊಂಬುಗಳನ್ನು ತಿರುಗಿಸುವುದು. ಕೊಂಬುಗಳುಳ್ಳ ಹಸುವು ಅವನ್ನು ಬಳಸದೆ ಹುಲಿಯ ಮುಂದೆ ನಿಂತುದು ಹೇಡಿತನವೋ ಧೈರ್ಯವೋ?

ಇದಕ್ಕೆ ಉತ್ತರವನ್ನು ನಾವೆ ಹೇಳಿಬಿಡುವುದಕ್ಕಿಂತ ಮಗುವಿನ ಮುಂದೆ ಇನ್ನೊಂದು ಪ್ರಾಣಿಯನ್ನು ನಿಲ್ಲಿಸುವುದು ಲೇಸು. ಕಥೆಯ ಪ್ರಾಣಿಯಲ್ಲ, ಇತಿಹಾಸದ ಪ್ರಾಣಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರೆಂಬ ಗ್ರಾಮವುಂಟು. ಅಲ್ಲಿಯ ಚಲ್ಲೇಶ್ವರನ ಗುಡಿಯ ಮುಂದೆ ಕ್ರಿ.ಶ. ೯೪೯-೫೦ರ ಸುಮಾರಿನಲ್ಲಿ ನಿಲ್ಲಿಸಿದ ಒಂದು ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರುವುದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಮಣಲೆರನೆಂಬ ವೀರನು ಪರಾಕ್ರಮವನ್ನು ತೋರಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳೆಂದಾಗ ಅವನು ಕೇಳಿದುದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದ ಬಳಿ ಆ ಕಾಳಿಯು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ನಾಯಿಯೂ ಕೂಡಿಯೆ ಸತ್ತುವು. ಮಣಲೆರನು ನಾಯಿಯ ಹೆಸರಿನಲ್ಲಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯು ಗೈದ ಪಾಪವು ತಗಲುವುದೆಂದು ಕಟ್ಟಳೆಯನ್ನೂ ಮಾಡಿದನು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಕೆತ್ತಿರುವರು. ಬೆಂಗಳೂರಿಗೆ ಹೋದವರು ಮಕ್ಕಳನ್ನು ಕರೆದುಕೊಂಡು ಹೋಗಿ ಇದನ್ನು ತೋರಿಸಬೇಕೆಂದು ನಮ್ಮ ಸೂಚನೆ. ಸಾವಿರ ವರ್ಷಗಳ ಹಿಂದೆ ಕನ್ನಡಿಗನೊಬ್ಬನು ನಾಯಿಗಾಗಿ ಕಲ್ಲನ್ನು ನಿಲ್ಲಿಸಿದನೆಂಬುದು ಮಕ್ಕಳಿಗೆ ಮರೆಯದ ಸಂಗತಿ.

ಈಗ ಮಗುವಿಗೆ ಕೇಳಿರಿ: ಕಾಳಿಯ ಧೈರ್ಯವೂ ಪುಣ್ಯಕೋಟಿಯ ಧೈರ್ಯವೂ ಒಂದೆಯೆ? ಕಾಳಿಗೆ ಯೋಚಿಸಲು ವ್ಯವಧಾನವಿರಲಿಲ್ಲ. ಎದುರಿಗೆ ಹಂದಿ, ಮೈಯಲ್ಲಿ ಬಿಸಿರಕ್ತ, ಬೆನ್ನಹಿಂದೆ ಒಡೆಯನ ಕೂಗು. ಪುಣ್ಯಕೋಟಿಗೆ ಕೊಟ್ಟಿಗೆಯಿಂದ ಬೆಟ್ಟದವರೆಗೆ ಉದ್ದವಾದ ದಾರಿಯಿತ್ತು. ಆ ದಾರಿಯ ಪ್ರತಿಯೊಂದು ಹೆಜ್ಜೆಯಲ್ಲಿಯೂ ಹಿಂದಿರುಗಬಹುದಾಗಿತ್ತು. ಹಿಂದಿರುಗಿದ್ದರೆ ಅವಳನ್ನು ಹಳಿಯುವವರು ಯಾರೂ ಇರಲಿಲ್ಲ. ಕರುವು ಬೇಡಿಕೊಂಡಿತು, ಒಡನಾಡಿಗಳು ಎದುರಿಗಿದ್ದರು, ಹುಲಿಯು ದೂರದಲ್ಲಿತ್ತು. ಆದರೂ ನಡೆದಳು. ಕಾಳಿಯದು ಮುನ್ನುಗ್ಗುವ ಧೈರ್ಯ, ಪುಣ್ಯಕೋಟಿಯದು ಹಿಂದಿರುಗದ ಧೈರ್ಯ. ಯಾವುದು ದೊಡ್ಡದೆಂಬ ತೀರ್ಪನ್ನು ಮಗುವಿಗೇ ಬಿಡತಕ್ಕದ್ದು. ಒಂದು ಮಗುವು ಕಾಳಿಯೆಂದರೂ ಇನ್ನೊಂದು ಪುಣ್ಯಕೋಟಿಯೆಂದರೂ ಕಾರಣವನ್ನು ಹೇಳಿದರೆ ಎರಡೂ ಸರಿ. ಕಾರಣವಿಲ್ಲದ ಉತ್ತರವು ಸರಿಯಾಗಿದ್ದರೂ ಅರ್ಧ.

ಇನ್ನು ಹುಲಿಯ ಸಾವು. ಇದೇ ಕಥೆಯು ಸಂಸ್ಕೃತದಲ್ಲಿಯೂ ಉಂಟು. ಪದ್ಮಪುರಾಣದಲ್ಲಿ ಹಸುವಿನ ಹೆಸರು ನಂದಾ. ಹುಲಿಯು ಹಿಂದೆ ಪ್ರಭಂಜನನೆಂಬ ಅರಸನು. ಮರಿಗೆ ಮೊಲೆಯೂಡಿಸುತ್ತಿದ್ದ ಜಿಂಕೆಯನ್ನು ಬಾಣದಿಂದ ಹೊಡೆದು ಶಾಪಕ್ಕೆ ಗುರಿಯಾದವನು. ನಂದೆಯ ದೆಸೆಯಿಂದ ಅವನಿಗೆ ಬಿಡುಗಡೆಯಾಗುವುದು. ಗುಜರಾತಿನಲ್ಲಿ ಬಹುಲಾ ಎಂಬ ಹಸುವಿನ ಹೆಸರಿನಲ್ಲಿ ವ್ರತವನ್ನು ಆಚರಿಸುವರು. ಅಲ್ಲಿಯ ಕಥೆಯಲ್ಲಿ ಅಡ್ಡಗಟ್ಟಿದ ಸಿಂಹವು ಪರೀಕ್ಷಿಸಲು ಬಂದ ಕೃಷ್ಣನೆ. ನಮ್ಮ ಹಾಡಿನ ಹುಲಿಗಾದರೆ ಶಾಪವೂ ಇಲ್ಲ, ವೇಷವೂ ಇಲ್ಲ. ಅದು ಹಸಿದ ಹುಲಿ, ಅಷ್ಟೆ. ಶಾಪಗ್ರಸ್ತನಾದ ಅರಸನು ಒಳ್ಳೆಯವನಾದರೆ ಅದರಲ್ಲಿ ಏನು ಅಚ್ಚರಿ? ಸಾಮಾನ್ಯವಾದ ಹುಲಿಯು ಒಂದು ಹಸುವಿನ ನಡತೆಯನ್ನು ಕಂಡು ನಾಚಿತೆಂಬುದೆ ಕನ್ನಡದ ಹಾಡಿನ ಹೆಚ್ಚುಗಾರಿಕೆ. ದೊಡ್ಡ ಮಕ್ಕಳಿರುವ ಮನೆಯಲ್ಲಿ ಈ ಮೂರು ಕಥೆಗಳನ್ನೂ ಹೇಳಿ, ‘ಯಾವ ಕಥೆಯಲ್ಲಿ ಹುಲಿಯು ಹೆಚ್ಚು ಬದಲಾಯಿತು?’ ಎಂದು ಕೇಳಬಹುದು. ಇದು ಗೈಡಿನಲ್ಲಿ ಉತ್ತರವಿಲ್ಲದ ಪ್ರಶ್ನೆ.

ಕೆಲವು ಮಕ್ಕಳು ಇಲ್ಲಿಯೆ ತಡೆದು ಎದುರು ಕೇಳುವುವು: ‘ಹುಲಿಯು ಹುಲ್ಲನ್ನು ತಿನ್ನುವುದೆ? ಹಸಿದರೆ ಅದು ಇನ್ನೇನು ಮಾಡಬೇಕಾಗಿತ್ತು? ಅದು ಏತಕ್ಕೆ ಸಾಯಬೇಕು?’ ಅಧಿಕಪ್ರಸಂಗವೆಂದು ಗದರಿಸಿ ಬಾಯಿ ಮುಚ್ಚಿಸುವ ಹಿರಿಯರು ಉಂಟು. ನಾವಾದರೆ ಈ ಮಗುವಿನ ಕಾಯಿಯಲ್ಲಿ ಕೊಬ್ಬರಿಯಾಗಿದೆ ಎನ್ನುವೆವು. ಹುಲಿಯ ಹಸಿವನ್ನು ತನ್ನ ಹಸಿವಿನಂತೆ ಎಣಿಸಿದ ಮಗುವು ಕಥೆಯ ಒಳಗೆ ಹೋಗಿ ಬಂದಿರುವುದು. ಅದಕ್ಕೆ ಒಪ್ಪುವ ಉತ್ತರವು ನಮ್ಮಲ್ಲಿ ಇಲ್ಲದಿದ್ದರೆ, ‘ನೀನು ಕೇಳಿದುದು ಒಳ್ಳೆಯ ಪ್ರಶ್ನೆ, ಇಬ್ಬರೂ ಯೋಚಿಸೋಣ’ ಎನ್ನುವುದರಲ್ಲಿ ಹಿರಿತನಕ್ಕೆ ಕುಂದಿಲ್ಲ. ಬೆಟ್ಟಗುಡ್ಡಗಳ ಮಗ್ಗುಲಿನ ಊರುಗಳಲ್ಲಿ ಇಂದಿಗೂ ಚಿರತೆಯ ಭಯವುಂಟು. ಕಾಡುಮೃಗವು ಊರಿಗೆ ಏತಕ್ಕೆ ಬರುವುದೆಂಬ ಮಾತಿಗೂ ಇದೇ ಪ್ರಶ್ನೆಯು ಬಾಗಿಲು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಕೊಟ್ಟ ಮಾತಿಗೆ ತಪ್ಪಬಾರದೆಂಬ ನೀತಿಯನ್ನು ಮಾತ್ರ ಕಥೆಯಿಂದ ಕಿತ್ತು ಮಗುವಿನ ಕೈಗೆ ಕೊಟ್ಟರೆ ಅಪಾಯವುಂಟು. ಮಗುವನ್ನು ಹೆದರಿಸಿಯೋ, ಆಸೆಯನ್ನು ತೋರಿಸಿಯೋ, ‘ಇದನ್ನು ಮನೆಯಲ್ಲಿ ಹೇಳುವುದಿಲ್ಲವೆಂದು ಮಾತು ಕೊಡು’ ಎಂದು ಭಾಷೆಯನ್ನು ಪಡೆಯುವ ದುರುಳರು ಲೋಕದಲ್ಲಿ ಇರುವರು. ಎಷ್ಟೋ ವೇಳೆ ಅವರು ಅಪರಿಚಿತರೂ ಆಗಿರುವುದಿಲ್ಲ. ಸತ್ಯವಂತವಾದ ಮಗುವೆ ಅಂತಹ ಮಾತಿಗೆ ಕಟ್ಟುಬಿದ್ದು ಒಳಗೊಳಗೆ ಕೊರಗುವುದು. ಪುಣ್ಯಕೋಟಿಯನ್ನು ಚೆನ್ನಾಗಿ ಓದಿದ ಮನೆಯಲ್ಲಿ ಹೀಗಾಗಬೇಕಾದುದಿಲ್ಲ. ಪುಣ್ಯಕೋಟಿಯು ಮನೆಗೆ ಬಂದು ಏನನ್ನಾದರೂ ಮುಚ್ಚಿಟ್ಟಳೆ? ಇಲ್ಲ. ಹುಲಿಯು ಅಡ್ಡಗಟ್ಟಿದುದನ್ನೂ ತಾನು ಮಾತು ಕೊಟ್ಟುದನ್ನೂ ಕರುವಿಗೆ ಹೇಳಿದಳು, ಒಡನಾಡಿಗಳಿಗೂ ಹೇಳಿದಳು. ಅವಳ ಮಾತು ಹತ್ತು ಮಂದಿಯ ನಡುವೆ ಆಡಬಹುದಾದ ಮಾತು. ಇನ್ನೂ ಒಂದು ಸಂಗತಿಯುಂಟು: ಮಾತು ಕೊಟ್ಟವಳು ತಾಯಿ, ಕರುವಲ್ಲ. ಆ ಕರುವನ್ನು ಯಾರೂ ಹುಲಿಯ ಬಳಿಗೆ ಕಳುಹಿಸಲಿಲ್ಲ; ಅದನ್ನು ಕಾಪಾಡುವ ಭಾರವನ್ನು ಮಂದೆಯೆಲ್ಲವೂ ಹೊತ್ತಿತು.

ಆದುದರಿಂದ ಈ ಎರಡು ಪ್ರಶ್ನೆಗಳನ್ನು ಪ್ರತಿಯೊಂದು ಮನೆಯಲ್ಲಿಯೂ ಕೇಳತಕ್ಕದ್ದು: ‘ಪುಣ್ಯಕೋಟಿಯು ಮನೆಯಲ್ಲಿ ಯಾರು ಯಾರಿಗೆ ಹೇಳಿದಳು?’ ‘ಮನೆಯಲ್ಲಿ ಹೇಳಬಾರದೆಂದು ಯಾರಾದರೂ ಮಾತನ್ನು ಪಡೆದರೆ ಅದು ಪುಣ್ಯಕೋಟಿಯ ಮಾತಾಗುವುದೆ?’ ಆಗುವುದಿಲ್ಲವೆಂದು ಮಗುವಿನ ಬಾಯಿಂದಲೆ ಬರಬೇಕು. ಅಂತಹ ಮಾತನ್ನು ಮುರಿದು ತಾಯಿಗೆ ಬಂದು ಹೇಳುವುದೆ ಸತ್ಯ, ಅದೇ ಧೈರ್ಯ ಎಂಬುದು ಮಗುವಿಗೆ ತಿಳಿದಿರಬೇಕು. ಹೇಳಿದ ಮಗುವನ್ನು ನಂಬುವುದು, ಗದರಿಸದಿರುವುದು ಹಿರಿಯರ ಕರ್ತವ್ಯ. ಸಂಕಟದಲ್ಲಿರುವ ಮಕ್ಕಳಿಗೆಂದು ೧೦೯೮ ಎಂಬ ಸಹಾಯವಾಣಿಯೂ ಇರುವುದು. ಆ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸುವುದು ಹುಲಿಯ ಹೆಸರನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಉಪಯುಕ್ತ.

ಇಷ್ಟೆಲ್ಲವನ್ನೂ ಮನೆಯಲ್ಲಿ ನಡೆಯಿಸುವುದು ಹೇಗೆ ಎಂದು ಗೃಹಿಣಿಯರು ಕೇಳಬಹುದು. ಅದಕ್ಕೆ ಬೇರೆ ಹೊತ್ತೂ ಬೇಡ, ಬೇರೆ ಪುಸ್ತಕವೂ ಬೇಡ. ಮಗುವು ಓದುತ್ತಿರುವಾಗ ಹುಲಿಯು ಅಡ್ಡಗಟ್ಟಿದ ಸ್ಥಳದಲ್ಲಿ ಒಮ್ಮೆ ನಿಲ್ಲಿಸಿ, ‘ಮುಂದೇನಾಗಬಹುದು?’ ಎನ್ನಿರಿ. ಓದು ಮುಗಿದ ಮೇಲೆ ಪುಸ್ತಕವನ್ನು ಮುಚ್ಚಿಸಿ, ಕಥೆಯನ್ನು ತಮ್ಮನಿಗೋ ತಂಗಿಗೋ ತನ್ನ ಮಾತಿನಲ್ಲಿ ಹೇಳೆನ್ನಿರಿ. ಪುಸ್ತಕದ ಮಾತನ್ನು ಬಿಟ್ಟು ತನ್ನ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ಕಥೆಯು ದಕ್ಕಿದೆ. ಇನ್ನೊಂದು ದಿನ ಹುಲಿಯೆ ಕಥೆಯನ್ನು ಹೇಳುವಂತೆ ಹೇಳಿಸಿರಿ. ಮತ್ತೊಂದು ದಿನ ಕರುವು ಹೇಳುವಂತೆ. ಪ್ರಶ್ನೆಯನ್ನು ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದನ್ನು ಮಾತ್ರ ಮರೆಯಬಾರದು. ಹಸಿಕಾಯಿಯನ್ನು ಅಟ್ಟದಿಂದ ಇಳಿಸಿ ಒಡೆದವನಿಗೆ ಕೊಬ್ಬರಿಯೂ ಇಲ್ಲ, ಎಳನೀರೂ ಇಲ್ಲ. ನಾವು ಹಿರಿಯರು ಸಾಮಾನ್ಯವಾಗಿ ಒಂದು ಉಸಿರಿನಷ್ಟು ಹೊತ್ತು ಕಾದು, ಆಮೇಲೆ ಉತ್ತರವನ್ನು ನಾವೆ ಹೇಳಿಬಿಡುವೆವು. ಮಗುವು ಅಷ್ಟರಲ್ಲಿ ಯೋಚಿಸುವುದನ್ನು ನಿಲ್ಲಿಸಿ, ಹಿರಿಯರ ಮುಖವನ್ನು ಓದುವುದನ್ನು ಕಲಿಯುವುದು.

ಎಷ್ಟೋ ಮನೆಗಳಲ್ಲಿ ಈ ಹಾಡನ್ನು ಆದಿಯಿಂದ ಅಂತ್ಯದವರೆಗೆ ಬಲ್ಲ ಅಜ್ಜಿಯರು ಇರುವರು. ಅವರಲ್ಲಿ ಅಕ್ಷರವನ್ನೆ ಕಲಿಯದವರು ಅನೇಕರು. ಕರುವನ್ನು ಒಡನಾಡಿಗಳಿಗೆ ಒಪ್ಪಿಸುವ ಸ್ಥಳಕ್ಕೆ ಬಂದಾಗ ಅವರ ದನಿಯು ನಡುಗುವುದನ್ನು ಕೇಳಿದವರು ಬಲ್ಲರು. ಮೊಮ್ಮಗುವಿಗೆ ಅಕ್ಷರವುಂಟು, ಆ ನಡುಕವಿನ್ನೂ ಬಂದಿಲ್ಲ. ಅಜ್ಜಿಗೆ ಅಕ್ಷರವಿಲ್ಲ, ಅರಿವು ತುಂಬಿದೆ. ಇಬ್ಬರನ್ನೂ ಒಂದು ದೀಪದ ಬಳಿ ಕೂರಿಸುವುದಕ್ಕಿಂತ ದೊಡ್ಡ ಶಾಲೆಯನ್ನು ನಾವು ಕಾಣೆವು. ಮೊಮ್ಮಗುವು ಅಚ್ಚಿನಲ್ಲಿರುವುದನ್ನು ಓದಲಿ, ಅಜ್ಜಿಯು ತಾನು ಕಲಿತುದನ್ನು ಹಾಡಲಿ. ಎರಡರಲ್ಲಿಯೂ ಅಲ್ಲಲ್ಲಿ ಭೇದವಿರುವುದು. ಆ ಭೇದವನ್ನು ಹುಡುಕುವುದೆ ಮಗುವಿಗೆ ಒಳ್ಳೆಯ ಅಭ್ಯಾಸ.

ಹಾಡಿನ ಕೊನೆಯಲ್ಲಿ ಪ್ರತಿ ಸಂಕ್ರಾಂತಿಗೂ ದೇವರನ್ನು ನೆನೆಯುವಂತೆ ಗೊಲ್ಲರಿಗೆ ಹೇಳಿರುವುದು. ನಮ್ಮ ಸೀಮೆಯಲ್ಲಿ ಸಂಕ್ರಾಂತಿಯೆಂದರೆ ದನಗಳ ಹಬ್ಬ. ಮೈತೊಳೆದು, ಕೊಂಬಿಗೆ ಬಣ್ಣವನ್ನು ಬಳಿದು, ಸಂಜೆಗೆ ಕಿಚ್ಚು ಹಾಯಿಸುವರು. ಬರುವ ಸಂಕ್ರಾಂತಿಗೆ ದನಗಳ ಮೈ ತೊಳೆಯುತ್ತಿರುವ ಮಕ್ಕಳನ್ನು ಕರೆದು, ಪುಣ್ಯಕೋಟಿಯು ಕೊಟ್ಟಿಗೆಯಿಂದ ಬೆಟ್ಟದ ಕಡೆಗೆ ನಡೆಯುವಾಗ ಏನನ್ನು ಯೋಚಿಸುತ್ತಿದ್ದಿರಬಹುದು ಎಂದು ಕೇಳಿ ನೋಡಿರಿ. ಹಾಡಿದವರು ಅದನ್ನು ಹೇಳಿಲ್ಲ. ಓದಿದವರು ತುಂಬಿಕೊಳ್ಳಲೆಂದು ಬಿಟ್ಟಿರುವರು. ಮಕ್ಕಳು ಕೊಡುವ ಉತ್ತರವನ್ನು ತಿದ್ದಬೇಡಿರಿ, ಕೇಳಿಕೊಳ್ಳಿರಿ. ನಿಮ್ಮ ಮನೆಯ ಮಗುವಿನ ಮನಸ್ಸು ಎಂತಹುದೆಂಬುದು ಆ ಉತ್ತರದಲ್ಲಿ ಇರುವುದು.